ಹನ್ನೊಂದರಲ್ಲಿ ಆದ ಮದುವೆ

ನಮ್ಮೂರಿನ ಜನ ಬೆಳಿಗ್ಗೆ ಎದ್ದು ಮೊದಲು ನೋಡುವುದು ದೇವರ ಪಟವನ್ನಲ್ಲ, ಫ್ಯಾನ್ ಕಂಪನಿಯ ಗೇಟನ್ನು. ಗೇಟಿನ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇದೆ. ಅದರ ಮೇಲೆ ವಾಚ್‌ಮನ್ ಸೀಮೆಸುಣ್ಣದಲ್ಲಿ ಆ ದಿನದ ಅಂಕಿ ಬರೆದಿರುತ್ತಾನೆ. ಕಂಪನಿಯ ಒಂದು ಷೇರಿನ ಬೆಲೆಯನ್ನು, ಆ ಷೇರಿನ ಪಾಲಿಗೆ ವರ್ಷಕ್ಕೆ ಬರುವ ಲಾಭದಿಂದ ಭಾಗಿಸಿದರೆ ಬರುವ ಅಂಕಿ ಅದು. ಬೇರೆ ಊರುಗಳಲ್ಲಿ ಇಂಥವು ಪೇಪರಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರುತ್ತವಂತೆ, ಕನ್ನಡಕದ ನಾಲ್ಕು ಜನ ಅದನ್ನು ಓದಿ ತಲೆ ಕೆಡಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಎಲ್ಲರೂ ಕೆಡಿಸಿಕೊಳ್ಳುತ್ತಾರೆ. ಯಾಕೆಂದರೆ ಹಲಗೆಯ ಮೇಲೆ ಇವತ್ತು ಎಷ್ಟಿದೆಯೋ, ಇವತ್ತು ಕೊಟ್ಟ ಮಾತು ಅಷ್ಟು ವರ್ಷ ಮಾತ್ರ ನಿಲ್ಲುತ್ತದೆ. ಅವಧಿ ಮುಗಿದ ಮಾರನೆಯ ಬೆಳಿಗ್ಗೆ ಮಾತು ಕಳಚಿ ಬೀಳುತ್ತದೆ. ಗುಡುಗು ಸಿಡಿಲು ಏನೂ ಇಲ್ಲ. ವಾಸಿಯಾದ ಗಾಯದ ಹಕ್ಕಳೆ ಉದುರಿದ ಹಾಗೆ, ಅಷ್ಟೇ.

ಇದರಿಂದ ಊರಿಗೆ ತೊಂದರೆಯಾಯಿತು ಅಂತ ಯಾರೂ ತಿಳಿಯಬಾರದು. ನಮ್ಮ ಪುರಸಭೆಯ ಹಿಂದಿನ ಅಧ್ಯಕ್ಷರು ಅಂಕಿ ನಲವತ್ತೆರಡು ಇದ್ದ ದಿನ ಮನೆಮನೆಗೆ ನಲ್ಲಿ ನೀರು ಕೊಡುತ್ತೇನೆಂದು ಮಾತು ಕೊಟ್ಟರು. ಆ ಮಾತು ಇನ್ನೂ ಊರ್ಜಿತದಲ್ಲಿದೆ, ಅವರೂ ಗಟ್ಟಿಮುಟ್ಟಾಗಿದ್ದಾರೆ, ನೀರು ಮಾತ್ರ ಬಂದಿಲ್ಲ. ಕೇಳಿದರೆ, "ಅವಧಿ ಇನ್ನೂ ಬೇಕಾದಷ್ಟಿದೆಯಲ್ರೀ, ಯಾಕೆ ಹಾರಾಡ್ತೀರಿ?" ಅನ್ನುತ್ತಾರೆ. ನ್ಯಾಯವಾದ ಮಾತೇ.

ನಾನು ಆ ಗೇಟಿನ ಎದುರಿಗಿರುವ ಕಲ್ಯಾಣ ಮಂಟಪದ ಮ್ಯಾನೇಜರು. ನಮ್ಮೂರಿನ ಅಯ್ನೋರು ಮದುವೆಗೆ ದಿನ ಕೇಳಿದವರ ಮುಂದೆ ಪಂಚಾಂಗ ಬಿಚ್ಚುತ್ತಾರೆ ನಿಜ, ಆದರೆ ಅವರ ಕಣ್ಣು ಕಿಟಕಿಯಾಚೆ ಹಲಗೆಯ ಮೇಲಿರುತ್ತದೆ. ಇಪ್ಪತ್ತರಲ್ಲಿ ಮದುವೆಯಾದವರು ಇಪ್ಪತ್ತು ವರ್ಷ ಗಂಡ ಹೆಂಡತಿ. ಆಮೇಲೆ ಒಂದು ಬೆಳಿಗ್ಗೆ ಇಬ್ಬರೂ ಎದ್ದು, ಬಸ್ಸಿನಲ್ಲಿ ಅಕ್ಕಪಕ್ಕದ ಸೀಟು ಸಿಕ್ಕಿದವರ ಹಾಗೆ ಒಬ್ಬರನ್ನೊಬ್ಬರು ನೋಡಿ ಸ್ವಲ್ಪ ಸರಿದು ಕೂರುತ್ತಾರೆ. ನೆನಪು ಹೋಗುವುದಿಲ್ಲ. ಜಗಳಗಳಂತೂ ದಿನಾಂಕ ಸಮೇತ ನೆನಪಿರುತ್ತವೆ. ಹೋಗುವುದು ಕಟ್ಟು ಮಾತ್ರ. ಹೆಚ್ಚಿನವರು ಮತ್ತೆ ಕಟ್ಟಿಸಿಕೊಳ್ಳುತ್ತಾರೆ. ಅದಕ್ಕೆಂದೇ ನಮ್ಮ ಮಂಟಪದ ಮೇಲಿನ ಮಹಡಿಯಲ್ಲಿ ಸಣ್ಣ ಹಾಲ್ ಇದೆ, ನವೀಕರಣಕ್ಕೆ. ಒಂದು ವಾಲಗ, ಐವತ್ತು ಎಲೆ, ಉಪ್ಪಿಟ್ಟು ಕೇಸರಿಬಾತು. ದಂಪತಿಗಳು ಒಬ್ಬರ ಮುಖ ಒಬ್ಬರು ನೋಡಲೇಬೇಕೆಂಬ ಕಡ್ಡಾಯವಿಲ್ಲ.

ಸರ್ವಮಂಗಳ ನನ್ನ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಅವಳು ಕಂಪನಿಯ ವೈಂಡಿಂಗ್ ವಿಭಾಗದಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು, ಗಂಡ ದೊರೆಸ್ವಾಮಿ ಅಲ್ಲೇ ಬ್ಯಾಲೆನ್ಸಿಂಗ್ ವಿಭಾಗದಲ್ಲಿದ್ದ. ಫ್ಯಾನು ತಿರುಗುವಾಗ ಓಲಾಡುತ್ತದೋ ಇಲ್ಲವೋ ಎಂದು ಕತ್ತೆತ್ತಿ ನೋಡುವುದು ಅವನ ಕೆಲಸ. ಅದು ಅವನ ಸ್ವಭಾವಕ್ಕೂ ಹತ್ತಿಬಿಟ್ಟಿತ್ತು. ಯಾರ ಮನೆಗೆ ಹೋದರೂ ಮೇಜು ಅಲ್ಲಾಡಿಸಿ ನೋಡಿ ಕಾಲಿನ ಕೆಳಗೆ ಕಾಗದ ಮಡಚಿ ಇಡುತ್ತಿದ್ದ. ಅವರ ಮದುವೆಯಾದ ವರ್ಷ ಕಂಪನಿ ಮೂರು ಪಾಳಿಯಲ್ಲಿ ಕೆಲಸ ಮಾಡುತ್ತಿತ್ತು. ಬಣ್ಣ ಒಣಗುವ ಮೊದಲೇ ಫ್ಯಾನು ಲಾರಿ ಹತ್ತುತ್ತಿತ್ತು. ಲಾಭ ಉಕ್ಕಿತು. ಷೇರು ಕೊಳ್ಳುವವರು ಮಾತ್ರ, ಫ್ಯಾನು ಮಾಡಿ ಫ್ಯಾನು ಮಾರುವ ಕಂಪನಿಯಲ್ಲಿ ಏನಿದೆ ಮಹಾ ಅಂತ ಆಕಳಿಸಿದರು. ಲಾಭ ಎದ್ದಿತು, ಬೆಲೆ ಮಲಗಿತ್ತು, ಹೀಗಾಗಿ ಅಂಕಿ ಇಪ್ಪತ್ತನಾಲ್ಕರಿಂದ ಇಳಿದು ಇಳಿದು ಹನ್ನೊಂದಕ್ಕೆ ಬಂತು. ಊರಿನವರು ಮೈಮುರಿದು ದುಡಿದಷ್ಟೂ ಊರಿನವರ ಮಾತಿನ ಆಯಸ್ಸು ಕಡಿಮೆಯಾಗುತ್ತ ಹೋಯಿತು. ಇದರಲ್ಲಿ ಏನೋ ಎಡವಟ್ಟಿದೆ ಅಂತ ಯಾರಿಗೂ ಅನ್ನಿಸಲಿಲ್ಲ. ಓವರ್‌ಟೈಮ್ ಇತ್ತು, ಅನ್ನಿಸಲಿಕ್ಕೆ ಪುರಸೊತ್ತಿರಲಿಲ್ಲ.

ಸರ್ವಮಂಗಳನ ಅಪ್ಪ ಮಾತ್ರ ಬೆದರಿದರು. ನನ್ನ ಆಫೀಸಿಗೆ ಬಂದು, "ಇವತ್ತು ಹನ್ನೊಂದು. ಆಷಾಢ ಕಳೆಯೋ ಹೊತ್ತಿಗೆ ಎಂಟಾಗಿಬಿಟ್ರೆ ಏನ್ ಗತಿ ಸ್ವಾಮಿ? ಎಂಟು ವರ್ಷಕ್ಕೆಲ್ಲ ಹುಡುಗೀನ ವಾಪಸ್ ಕಳಿಸಿದ್ರೆ ನಾನೇನ್ ಮಾಡ್ಲಿ? ಇರೋದನ್ನ ಹಿಡ್ಕೊಳೋಣ" ಅಂದರು. ಹಿಡಿದುಕೊಂಡರು. ಹನ್ನೊಂದರಲ್ಲಿ ಮದುವೆಯಾಯಿತು.

ಹನ್ನೊಂದು ವರ್ಷ ಅವರು ಹೇಗಿದ್ದರು ಅಂದರೆ, ಎಲ್ಲರ ಹಾಗೆ ಇದ್ದರು. ಅವಳು ಅವನನ್ನು 'ರೀ' ಎಂದು ಕರೆದಳು, ಅವನು ಅವಳನ್ನು 'ಮಂಗಳ' ಎಂದು ಕರೆದ. ಅವನು ಮಾತಿನವನಲ್ಲ. ಸಂಬಳದ ದಿನ ಕಿತ್ತಳೆ ಹಣ್ಣು ತರುತ್ತಿದ್ದ, ಸಿಪ್ಪೆ ಸುಲಿದು ನಾರು ಬಿಡಿಸಿ ತೊಳೆಗಳನ್ನು ಅವಳ ತಟ್ಟೆಯ ಅಂಚಿನಲ್ಲಿ ಜೋಡಿಸಿಟ್ಟು ಏನೂ ಆಗಿಲ್ಲವೆಂಬಂತೆ ಎದ್ದು ಹೋಗುತ್ತಿದ್ದ. ತಂತಿ ತಗಲಿ ಗೀರಿದ ಬೆರಳಿಗೆ ಸಿಪ್ಪೆಯ ರಸ ತಾಗಿದರೆ ಅವಳಿಗೆ ಉರಿಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಅತ್ತೆ ಮರಿಗಂಗಮ್ಮ ಮೊದಲ ಐದು ವರ್ಷ ಮಾತಾಡಿ, ಆಮೇಲೆ ಸುಸ್ತಾಗಿ ಬಿಟ್ಟಿದ್ದರು.

ಹತ್ತನೆಯ ವರ್ಷ ಕಂಪನಿಗೆ ಹೊಸ ಎಂ.ಡಿ. ಬಂದರು. ಎಳೆಯ ವಯಸ್ಸು, ಕಾಲರ್ ಇಲ್ಲದ ಅಂಗಿ. ಅವರು ಬಂದವರೇ, ಇನ್ನು ಮುಂದೆ ನಾವು ಫ್ಯಾನು ಮಾಡುವುದಿಲ್ಲ, ಭವಿಷ್ಯ ಮಾಡುತ್ತೇವೆ ಎಂದರು. ಮಾತು ಕೇಳುವ ಫ್ಯಾನು ಅಂತೆ. 'ಸೆಕೆ' ಅಂದರೆ ಜೋರಾಗಿ ತಿರುಗುವುದು, 'ಚಳಿ' ಅಂದರೆ ನಿಲ್ಲುವುದು. ಅಂಥದ್ದು ಒಂದು ತಯಾರಾಗಿತ್ತು. ಅದನ್ನು ನಮ್ಮ ಮಂಟಪದಲ್ಲೇ ನೇತುಹಾಕಿ ದೊಡ್ಡ ದೊಡ್ಡವರಿಗೆ ತೋರಿಸಿದರು. ಎಂ.ಡಿ.ಯವರು 'ಸೆಕೆ' ಅಂದರು, ಅದು ತಿರುಗಿತು. ಗೋಡೆಯ ಹಿಂದೆ ನಮ್ಮ ಎಲೆಕ್ಟ್ರಿಷಿಯನ್ ಸ್ವಿಚ್ಚು ಹಿಡಿದು ಕೂತಿದ್ದ. ಅವನಿಗೆ ಕಿವಿ ಚೆನ್ನಾಗಿತ್ತು. ಮಾರನೆ ದಿನದಿಂದ ಷೇರಿನ ಬೆಲೆ ಏಣಿ ಹತ್ತಿತು. ಇತ್ತ ಹಳೇ ಫ್ಯಾನಿನ ಎರಡು ಪಾಳಿ ನಿಂತವು, ಹೊಸ ಫ್ಯಾನು ಬರಲಿಲ್ಲ, ಲಾಭ ಕರಗಿ ತಳ ಹಿಡಿಯಿತು. ಬೆಲೆ ಮೇಲೆ, ಲಾಭ ಕೆಳಗೆ. ಅಂಕಿ ಮೂವತ್ತೆಂಟಾಯಿತು, ಎಪ್ಪತ್ತಾಯಿತು, ನೂರು ದಾಟಿತು.

ಊರಿಗೆ ಊರೇ ಪಟಾಕಿ ಹೊಡೆಯಿತು. ಕಂಪನಿ ಸಂಪಾದಿಸುವುದನ್ನು ಬಿಟ್ಟ ಮೇಲೆ ನಮ್ಮ ಮಾತಿಗೆ ಎಂಥ ಬೆಲೆ ಬಂತು ನೋಡಿ! ನಮ್ಮ ತಾತಂದಿರು ಹದಿನಾಲ್ಕರಲ್ಲೋ ಹದಿನೈದರಲ್ಲೋ ಮಾತು ಕೊಟ್ಟು, ಅವಧಿ ಮುಗಿಯುವ ಮೊದಲು ಕೆಲಸ ಮಾಡಿ ಮುಗಿಸಲು ಒದ್ದಾಡಿ ಸತ್ತರು, ಪಾಪ. ನಾವು ನೂರು ವರ್ಷದ ಮಾತಿನವರು. ನನ್ನ ಮಂಟಪದಲ್ಲಿ ಕೂರಲು ಜಾಗವಿಲ್ಲದಂತಾಯಿತು. ತೊಟ್ಟಿಲಲ್ಲಿದ್ದ ಕೂಸುಗಳಿಗೆ ನಿಶ್ಚಿತಾರ್ಥ ಮಾಡಿಸಿದರು. ಇಬ್ಬರು ವಕೀಲರು ವಾಲಗ ಊದಿಸಿ ಸ್ನೇಹ ಮಾಡಿಕೊಂಡರು. ಕೆಲಸ ಕಡಿಮೆಯಾಗಿ ಅರ್ಧ ಸಂಬಳ ತರುತ್ತಿದ್ದವರೂ ಹಲಗೆಯ ಮುಂದೆ ನಿಂತು ಮೀಸೆ ತಿರುವುತ್ತಿದ್ದರು.

ಸರಿಯಾಗಿ ಈ ಸಂಭ್ರಮದ ನಡುವೆ ಸರ್ವಮಂಗಳನ ಹನ್ನೊಂದು ವರ್ಷ ಮುಗಿಯಿತು. ಆ ಬೆಳಿಗ್ಗೆ ಅವಳು ಎಂದಿನಂತೆ ಕಾಫಿ ಮಾಡಿ ತಂದುಕೊಟ್ಟಳು. ದೊರೆಸ್ವಾಮಿ ಲೋಟ ತೆಗೆದುಕೊಂಡು, "ಥ್ಯಾಂಕ್ಸ್" ಅಂದ. ಹನ್ನೊಂದು ವರ್ಷದಲ್ಲಿ ಅವನು ಆ ಪದ ಅಂದಿರಲಿಲ್ಲ. ಅವಳು ಒಳಗೆ ಹೋಗಿ ಒಲೆ ಆರಿಸಿ ಅಲ್ಲೇ ನಿಂತಳಂತೆ. ಮಧ್ಯಾಹ್ನ ಗೋಡೆಯ ಮೇಲೆ ಮೊಣಕೈ ಊರಿ ನನಗೆ ಹೇಳಿದಳು, "ಅಣ್ಣ, ಅದೇ ಮನೆ, ಅದೇ ಕುರ್ಚಿ. ಆದ್ರೆ ಕೂತ್ಕೊಳೋಕೆ ಮುಂಚೆ ಯಾರನ್ನಾದ್ರೂ ಕೇಳ್ಬೇಕೇನೋ ಅನ್ನಿಸ್ತಿದೆ."

"ನಾಳೇನೇ ಮೇಲಿನ ಹಾಲ್ ಬಿಡಿಸಿಕೊಡ್ತೀನಮ್ಮ, ನೂರಾ ನಲವತ್ತಿದೆ, ಕಟ್ಟಿಸಿಬಿಡು" ಅಂದೆ. ನನ್ನ ಕಾಳಜಿ ನಿಜವಾದದ್ದೇ. ಹಾಲ್ ಖಾಲಿ ಇದ್ದದ್ದೂ ನಿಜ.

ಅಡ್ಡ ಬಂದವರು ಮರಿಗಂಗಮ್ಮ. "ನೂರಾ ನಲವತ್ತಕ್ಕೆ ಯಾವಳೇ ಅವಸರ ಬೀಳ್ತಾಳೆ?" ಎಂದರು. "ದಿನಾ ಏರ್ತಿದೆ. ಆ ಟೈಲರ್ ಹೆಂಡ್ತಿ ಅರವತ್ತರಲ್ಲಿ ಮಾಡ್ಕೊಂಡು ಈಗ ಬಾಯಿ ಬಡ್ಕೋತಿದಾಳೆ. ತಡ್ಕೊ. ಮುನ್ನೂರಾಗ್ಲಿ, ಅಂಥ ಮದುವೆ ಈ ಬೀದೀಲಿ ಯಾರದ್ದೂ ಆಗಿರ್ಬಾರ್ದು." ಸರ್ವಮಂಗಳ ತಡೆದುಕೊಂಡಳು. ಅವಳಿಗೆ ಮುನ್ನೂರು ಬೇಕಿರಲಿಲ್ಲ. ಬೆಳಿಗ್ಗೆ ಎದ್ದಾಗ ಲೆಕ್ಕ ಹಾಕಬೇಕಾಗಿಲ್ಲದಂಥ ಒಂದು ಅಂಕಿ ಸಿಕ್ಕರೆ ಸಾಕಿತ್ತು. ಈ ನಡುವೆ ಮನೆಯಲ್ಲಿ ಎಲ್ಲರೂ ಸಭ್ಯರಾಗಿಬಿಟ್ಟಿದ್ದರು. ದೊರೆಸ್ವಾಮಿ ಬಚ್ಚಲಿಗೆ ಹೋಗುವ ಮೊದಲು, "ನೀನು ಹೋಗ್ತೀಯಾ ಮೊದ್ಲು?" ಎಂದು ಕೇಳುತ್ತಿದ್ದ. ಸಂಬಳದ ದಿನ ಕಿತ್ತಳೆ ತಂದ, ಬುಟ್ಟಿಯಲ್ಲಿಟ್ಟ. ಸುಲಿಯಲಿಲ್ಲ. ಸುಲಿಯಬಹುದೋ ಬಾರದೋ ಅಂತ ಅವನಿಗೆ ಗೊತ್ತಾಗಲಿಲ್ಲವಂತೆ.

ಅಂಕಿ ಮುನ್ನೂರಾಹತ್ತಾದ ದಿನ ಮರಿಗಂಗಮ್ಮ ಬೀದಿಯವರನ್ನೆಲ್ಲ ಕರೆದರು. ಮೇಲಿನ ಹಾಲ್ ಸಾಲದೆಂದು ದೊಡ್ಡ ಹಾಲೇ ಬೇಕೆಂದರು. ಸರ್ವಮಂಗಳ ಗಿಳಿಹಸಿರು ಸೀರೆ ಉಟ್ಟು ಕೂತಿದ್ದಳು. ಅಯ್ನೋರು ತಾಳಿಯನ್ನು ಎಲ್ಲರಿಗೂ ಮುಟ್ಟಿಸಿ ದೊರೆಸ್ವಾಮಿಯ ಕೈಗೆ ಕೊಟ್ಟರು. ವಾಲಗದವರು ಗಟ್ಟಿಮೇಳ ಶುರು ಮಾಡಿದರು. ದೊರೆಸ್ವಾಮಿ ತಾಳಿ ಹಿಡಿದು, ತಿರುಗುವ ಫ್ಯಾನಿನ ಕೆಳಗೆ ನಿಂತವನ ಹಾಗೆ ಕತ್ತು ಸ್ವಲ್ಪ ಓರೆ ಮಾಡಿ ನೋಡುತ್ತಲೇ ನಿಂತ. ಗಟ್ಟಿಮೇಳ ಮುಗಿಯಿತು. ಇವನು ಕಟ್ಟಿರಲಿಲ್ಲ. ವಾಲಗದವರು ಮುಖ ಮುಖ ನೋಡಿಕೊಂಡು ಇನ್ನೊಮ್ಮೆ ಶುರು ಮಾಡಿದರು. ಅದೂ ಮುಗಿಯಿತು.

"ಮುನ್ನೂರಾಹತ್ತು ಜಾಸ್ತಿ ಆಯ್ತು" ಅಂದ ದೊರೆಸ್ವಾಮಿ.

ಯಾರಿಗೂ ಅರ್ಥವಾಗಲಿಲ್ಲ. ಅಂಕಿ ಜಾಸ್ತಿಯಾಯಿತು ಎಂಬ ಮಾತನ್ನು ನಮ್ಮೂರು ಅಲ್ಲಿಯತನಕ ಕೇಳಿರಲಿಲ್ಲ. "ಏನಪ್ಪಾ ಹಂಗಂದ್ರೆ?" ಎಂದು ಅಯ್ನೋರು ಕೇಳಿದರು. ಅವನು ಬೆವರುತ್ತ, "ಅಲ್ಲ, ಮಂಗಳನ ಮೇಲೆ ನಂಗೇನೂ ಬೇಜಾರಿಲ್ಲ. ಆದ್ರೆ ಮುನ್ನೂರು ವರ್ಷ ಅಂದ್ರೆ... ನಾನು ಇರೋದೇ ಇನ್ನು ಮೂವತ್ತೋ ನಲವತ್ತೋ. ಮಿಕ್ಕಿದ್ದಕ್ಕೆ ಯಾರು ಜವಾಬ್ದಾರಿ? ಇಷ್ಟು ದೊಡ್ಡ ರೆಕ್ಕೆ ಹಾಕಿದ್ರೆ ಓಲಾಡುತ್ತೆ" ಎಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮರಿಗಂಗಮ್ಮ ಹಣೆ ಚಚ್ಚಿಕೊಂಡರು.

ಸರ್ವಮಂಗಳ ಕೂತಲ್ಲಿಂದಲೇ ತಲೆ ಎತ್ತಿ, "ನಿನಗೆ ಎಷ್ಟು ಬೇಕಿತ್ತು?" ಎಂದು ಕೇಳಿದಳು. ತುಂಬಿದ ಸಭೆಯಲ್ಲಿ ಏಕವಚನ! ದೊರೆಸ್ವಾಮಿ ಪ್ರಾಮಾಣಿಕನಾದ್ದರಿಂದ ಯೋಚನೆ ಮಾಡಿ, "ಒಂದು ಹತ್ತು, ಹದಿನೈದು" ಎಂದ. ಪ್ರಾಮಾಣಿಕತೆಗೆ ಅದು ಸಮಯವಾಗಿರಲಿಲ್ಲ. ಅವಳು ಹಾರ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಉಪ್ಪಿಟ್ಟು ತಣ್ಣಗಾಗ್ತಿದೆ, ಎಲ್ಲ ಊಟಕ್ಕೇಳಿ" ಎಂದು ತಾನೇ ಬಡಿಸಲು ನಿಂತಳು. ಎಲ್ಲರೂ ಉಂಡರು. ಅವಮಾನ ನೋಡಿದರೆ ಹಸಿವು ಹೆಚ್ಚುತ್ತದೆಂದು ನನಗೆ ಅವತ್ತು ಗೊತ್ತಾಯಿತು, ಕೇಸರಿಬಾತು ಸಾಲಲಿಲ್ಲ.

ಆ ಸಂಜೆಯೇ ಅವಳು ಮನೆ ಬಿಟ್ಟಳು. ಮಂಟಪದ ಅಡುಗೆಮನೆಯ ಪಕ್ಕ ಪಾತ್ರೆ ಇಡುವ ಒಂದು ಕೋಣೆಯಿತ್ತು, ಅದನ್ನು ಖಾಲಿ ಮಾಡಿಸಿಕೊಟ್ಟೆ. ಮೊದಲ ದಿನಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಮಂಟಪದ ಬೋರ್‌ವೆಲ್ ಕೊಳಾಯಿ ಬಿಟ್ಟುಕೊಂಡು ಪಾತ್ರೆ ಉಜ್ಜುವ ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು. ಉಜ್ಜಲಿಕ್ಕೆ ಅವಳ ಬಳಿ ಇದ್ದದ್ದು ಒಂದು ತಟ್ಟೆ, ಒಂದು ಲೋಟ. ಮರಿಗಂಗಮ್ಮ ಬೀದಿಯಲ್ಲೆಲ್ಲ, ತನ್ನ ಮಗ ಚಿನ್ನದಂಥವನು, ಇವಳೇ ಸಭೆಯಲ್ಲಿ ಏಕವಚನ ಆಡಿ ಮದುವೆ ಮುರಿದಳು ಎಂದು ಹೇಳಿಕೊಂಡು ಬಂದರು.

ಅಂಕಿ ನಾನೂರರ ಹತ್ತಿರ ಸುಳಿದಾಡಿತು. ಆಮೇಲೆ ಕಂಪನಿ ಆ ವರ್ಷದ ಲೆಕ್ಕ ಹೊರಗಿಟ್ಟಿತು. ಲಾಭವಿಲ್ಲ, ನಷ್ಟ. ಲಾಭವೇ ಇಲ್ಲದಿದ್ದರೆ ಯಾವುದರಿಂದ ಭಾಗಿಸುವುದು? ಅಂಥ ಕಂಪನಿಗೆ ಆ ಅಂಕಿಯೇ ಇರುವುದಿಲ್ಲವಂತೆ. ಆ ಬೆಳಿಗ್ಗೆ ವಾಚ್‌ಮನ್ ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದು, ಕೊನೆಗೆ ಒಂದು ಅಡ್ಡ ಗೆರೆ ಎಳೆದು ಕೈ ಒರೆಸಿಕೊಂಡ.

ಗೆರೆಯ ದಿನ ಕೊಟ್ಟ ಮಾತು ಎಷ್ಟು ವರ್ಷ ನಿಲ್ಲುತ್ತದೆ? ಯಾರಿಗೂ ಗೊತ್ತಿರಲಿಲ್ಲ. ಒಂದು ಗಳಿಗೆಯೂ ನಿಲ್ಲುವುದಿಲ್ಲ ಎಂದರು ಕೆಲವರು. ಎಂದೆಂದಿಗೂ ಬಿಡುವುದಿಲ್ಲ ಎಂದರು ಕೆಲವರು, ಇವರು ಹೆಚ್ಚು ಹೆದರಿದ್ದರು. ಆದ್ದರಿಂದ ಊರು ಮಾತು ಕೊಡುವುದನ್ನೇ ನಿಲ್ಲಿಸಿತು. ಹಾಲಿನವನು ನಾಳೆ ಬರುತ್ತೇನೆ ಅನ್ನುತ್ತಿರಲಿಲ್ಲ. ಡಾಕ್ಟರು ವಾಸಿಯಾಗುತ್ತೆ ಅನ್ನುತ್ತಿರಲಿಲ್ಲ, ನಾಡಿ ಹಿಡಿದು ಛಾವಣಿ ನೋಡುತ್ತಿದ್ದರು. ಎಂ.ಡಿ.ಯವರು ಮಾತ್ರ ಯಾರಿಗೂ ಏನೂ ಹೇಳದೆ ಒಂದು ಮಧ್ಯಾಹ್ನ ಕಾರು ಹತ್ತಿ ಹೋದರು. ಎಷ್ಟಾದರೂ ಮುಂದಾಲೋಚನೆಯ ಮನುಷ್ಯ. ಎಲ್ಲಕ್ಕಿಂತ ಫಜೀತಿಯಾದದ್ದು ಮನೆಯಿಂದ ಹೊರಡುವವರಿಗೆ. 'ಹೋಗ್ಬರ್ತೀನಿ' ಅನ್ನುವುದೂ ಒಂದು ಮಾತು ಕೊಟ್ಟ ಹಾಗೇ ಅಲ್ಲವೇ? ಬರೀ 'ಹೋಗ್ತೀನಿ' ಅಂದರೆ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಕೊನೆಗೆ ಜನ ಏನೂ ಅನ್ನದೆ ಚಪ್ಪಲಿ ಮೆಟ್ಟಿ ಕಳ್ಳರ ಹಾಗೆ ಮನೆಯಿಂದ ಹೊರಬೀಳತೊಡಗಿದರು. ನನ್ನ ಮಂಟಪದಲ್ಲಿ ಪಾರಿವಾಳಗಳು ಮಾತ್ರ ಸಂಸಾರ ಹೂಡಿದವು.

ಆ ದಿನಗಳಲ್ಲೇ ಮರಿಗಂಗಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬ್ಯಾಲೆನ್ಸಿಂಗ್ ವಿಭಾಗವನ್ನು ಮುಚ್ಚಿದ್ದರಿಂದ ದೊರೆಸ್ವಾಮಿ ಮನೆಯಲ್ಲೇ ಇದ್ದ, ಕೆಲಸಕ್ಕಾಗಿ ಪಕ್ಕದ ಜಿಲ್ಲೆಯ ಮೋಟಾರ್ ಕಾರ್ಖಾನೆಯೊಂದಕ್ಕೆ ಹೇಳಿಟ್ಟಿದ್ದ. ಅಮ್ಮ ಹಾಸಿಗೆ ಹಿಡಿದ ಮೇಲೆ ಗಂಜಿ ಬೇಯಿಸುವುದನ್ನೇನೋ ಕಲಿತ, ಮಗ್ಗುಲು ಬದಲಿಸುವುದು, ಸೀರೆ ಬದಲಿಸುವುದು ಅವನಿಂದ ಆಗಲಿಲ್ಲ. ಮರಿಗಂಗಮ್ಮನಿಗೂ ಮಗನ ಮುಂದೆ ನಾಚಿಕೆ. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ಲೊಚಗುಟ್ಟುತ್ತಿದ್ದರು. ಒಳಗೆ ಬಂದರೆ ನಾಳೆಯೂ ಬರಬೇಕಾದೀತೆಂಬ ಭಯ.

ಮೂರನೆಯ ಬೆಳಿಗ್ಗೆ ಸರ್ವಮಂಗಳ ಆ ಮನೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಕಂಪನಿಯಲ್ಲಿ ಅವಳಿಗೆ ವಾರದ ಅರ್ಧದಷ್ಟು ದಿನ ಮಾತ್ರ ಕೆಲಸ ಉಳಿದಿತ್ತು. ಏನೆಂದು ಕರೆಯಬೇಕೆಂದು ತಿಳಿಯದೆ, "ಮರಿಗಂಗಮ್ಮನೋರೇ, ಸ್ವಲ್ಪ ಈ ಕಡೆ ತಿರುಗ್ತೀರಾ?" ಅಂದಳಂತೆ. ಅಷ್ಟು ನೋವಿನಲ್ಲೂ ಮುದುಕಿ, "ಏನೇ ಅದು, ಬ್ಯಾಂಕಿನೋರು ಕರೆದ ಹಾಗೆ!" ಎಂದು ಸಿಡುಕಿದರು. ಸರ್ವಮಂಗಳ ಮೈ ಒರೆಸಿ, ಸೀರೆ ಬದಲಿಸಿ, ತಲೆ ಬಾಚಿ, ಗಂಜಿ ಕುಡಿಸಿದಳು. ಹೊರಡುವಾಗ ಮರಿಗಂಗಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ, "ನಾಳೆ ಬರ್ತೀಯೇನೆ?" ಎಂದು ಕೇಳಿದರು.

"ಗೊತ್ತಿಲ್ಲ" ಅಂದಳು ಸರ್ವಮಂಗಳ.

ಮಾರನೆ ದಿನ ಬಂದಳು. ಅದರ ಮಾರನೆ ದಿನವೂ ಬಂದಳು. ದಿನಾ ಮುದುಕಿ ಕೇಳುವುದು, ದಿನಾ ಇವಳು ಗೊತ್ತಿಲ್ಲ ಅನ್ನುವುದು. ಒಂದು ದಿನ ಮರಿಗಂಗಮ್ಮನಿಗೆ ಅಳು ತಡೆಯಲಾಗಲಿಲ್ಲ. "ನಾನು ಆವತ್ತು ನಿನ್ನ ತಡೀಬಾರ್ದಿತ್ತು ಕಣೆ. ನೂರಾ ನಲವತ್ತಕ್ಕೆ ಕಟ್ಟಿಸಿಬಿಟ್ಟಿದ್ರೆ ಇವತ್ತು ಹಕ್ಕಿಂದ ಕೇಳ್ಬಹುದಿತ್ತು" ಅಂದರು. ಸರ್ವಮಂಗಳ ಚಮಚ ಬಾಯಿಗಿಡುತ್ತ, "ಹಕ್ಕಿಂದ ಕೇಳಿದ್ರೆ ಗಂಜಿ ಇಷ್ಟು ಚೆನ್ನಾಗಿರ್ತಿರ್ಲಿಲ್ಲ ಅತ್ತೆ, ಕುಡೀರಿ" ಎಂದಳು. ಅತ್ತೆ ಎಂಬ ಪದ ಬಾಯಿಂದ ಬಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳದವರ ಹಾಗೆ ಇದ್ದುಬಿಟ್ಟರು.

ದೊರೆಸ್ವಾಮಿಗೆ ಮೋಟಾರ್ ಕಾರ್ಖಾನೆಯಿಂದ ಕರೆ ಬಂತು. ಹೋಗಲೇಬೇಕು, ಮನೆಯಲ್ಲಿ ಅಕ್ಕಿ ತಳ ಕಾಣುತ್ತಿತ್ತು. ಅವನು ಚೀಲ ಹೆಗಲಿಗೇರಿಸಿ ಮಂಟಪದ ಕೋಣೆಯ ಮುಂದೆ ಬಂದು ನಿಂತ. ನಾನು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದೆ. ಪೇಪರ್ ಓದುವವನಿಗೆ ಕಿವಿ ಇರುವುದಿಲ್ಲವೆಂದು ನಮ್ಮೂರಿನವರ ನಂಬಿಕೆ. "ಅಮ್ಮನ್ನ ನೋಡ್ಕೋ ಅಂತ ಕೇಳೋಕೆ ನಂಗೆ ಬಾಯಿಲ್ಲ" ಅಂದ. "ಕೇಳ್ಬೇಡ" ಅಂದಳು. ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. ಬಸ್ಸು ಗೇಟಿನ ಬಳಿ ಹಾರನ್ ಹೊಡೆಯಿತು. ಎರಡು ಹೆಜ್ಜೆ ಹೋದವನು ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, "ಹೋಗ್ಬರ್ತೀನಿ ಮಂಗಳ" ಅಂದುಬಿಟ್ಟ.

ಎದುರಿನ ಅಂಗಡಿಯವನ ಕೈಯಿಂದ ತಕ್ಕಡಿ ಜಾರಿತು. ಗೆರೆ ಬಿದ್ದ ಮೇಲೆ ಊರಿನಲ್ಲಿ ಆ ಮಾತು ಆಡಿದವನು ಇವನೊಬ್ಬನೇ. ಸರ್ವಮಂಗಳ ಬಸ್ಸು ಕಣ್ಮರೆಯಾಗುವ ತನಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದು, ಒಳಗೆ ಹೋದಳು. ಅವತ್ತು ಕೊಳಾಯಿಯ ಸದ್ದು ಬರಲಿಲ್ಲ.

ಅವನು ಬರುತ್ತಾನೋ ಇಲ್ಲವೋ ಎಂದು ಬೀದಿಯಲ್ಲಿ ಬಾಜಿ ಕಟ್ಟಿದವರಿದ್ದರು. ಶನಿವಾರ ಸಂಜೆಯ ಬಸ್ಸಿನಿಂದ ಅವನು ಇಳಿದ. ಭಾನುವಾರ ಹೋದ, ಮುಂದಿನ ಶನಿವಾರ ಮತ್ತೆ ಇಳಿದ. ಬಂದವನು ಅಮ್ಮನ ಹಾಸಿಗೆಯ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದ. ಅರ್ಧ ತೊಳೆಗಳನ್ನು ಅಮ್ಮನಿಗೆ ಕೊಟ್ಟು, ಅರ್ಧವನ್ನು ಸರ್ವಮಂಗಳ ಕೂರುವ ಸ್ಟೂಲಿನ ಮೇಲಿಟ್ಟು ಎದ್ದು ಹೋಗುತ್ತಿದ್ದ. ಅವಳು ಮೊದಮೊದಲು ಅವನ್ನು ಕಾಗೆಗೆ ಹಾಕಿದಳು. ಆಮೇಲಾಮೇಲೆ ಕಾಗೆಗಳು ಸುಮ್ಮನೆ ಕಾದು ಹೋಗುತ್ತಿದ್ದವು.

ಹೀಗೆ ಮಳೆಗಾಲ ಕಳೆದು ಚಳಿಗಾಲ ಬಂತು. ಕಂಪನಿಗೆ ಮತ್ತೊಬ್ಬ ಎಂ.ಡಿ. ಬಂದರು. ಇವರು ಕಾಲರ್ ಇರುವವರು. ಫ್ಯಾನೂ ಬೇಡ, ಭವಿಷ್ಯವೂ ಬೇಡವೆಂದು ಕಾರ್ಖಾನೆಯ ಹಿಂದಿನ ಜಾಗವನ್ನೆಲ್ಲ ಲೇಔಟಿನವರಿಗೆ ಮಾರಿದರು. ಒಂದೇ ಏಟಿಗೆ ಲಾಭ. ಹಲಗೆಯ ಮೇಲೆ ಆರು ಎಂಬ ಅಂಕಿ ಮೂಡಿತು. ನಾನೂರು ನೋಡಿದ ಜನ ಆರನ್ನು ನೋಡಿ ಕುಣಿದಾಡಿದರು. ಹಾಲಿನವನು "ನಾಳೆ ಬರ್ತೀನಿ" ಎಂದು ಕೂಗಿಕೊಂಡು ಹೋದ. ಪುರಸಭೆಯಲ್ಲಿ ಹೊಸ ಅಧ್ಯಕ್ಷರು ಅಂದೇ ಒಂಬತ್ತು ಯೋಜನೆ ಘೋಷಿಸಿದರು. ನಾನು ಪಾರಿವಾಳಗಳನ್ನು ಓಡಿಸಿ ಮೇಲಿನ ಹಾಲ್ ತೊಳೆಸಿದೆ.

ಆ ಶನಿವಾರ ಬಸ್ಸಿನಿಂದ ಇಳಿದ ದೊರೆಸ್ವಾಮಿ ಮೊದಲು ನನ್ನಲ್ಲಿಗೇ ಬಂದು ಸೋಮವಾರದ ಹಾಲ್ ಹಿಡಿದ. ಜೊತೆಗೆ ನೀವೂ ಬನ್ನಿ ಎಂದು ನನ್ನನ್ನು ಎಳೆದುಕೊಂಡು ಹೋದ, ಧೈರ್ಯಕ್ಕೆ. ಸರ್ವಮಂಗಳ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮರಿಗಂಗಮ್ಮ ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟಾಗಿದ್ದರು.

"ಮಂಗಳ, ಆರು ಬಂದಿದೆ" ಎಂದ ದೊರೆಸ್ವಾಮಿ. "ಹಾಲ್ ಹೇಳಿ ಬಂದಿದೀನಿ. ಆರಕ್ಕೆ ನಂಗೇನೂ ಭಯ ಇಲ್ಲ. ಕಟ್ಟಿಬಿಡ್ತೀನಿ."

ಅವಳು ಎಣ್ಣೆಯ ಕೈ ನಿಲ್ಲಿಸಲಿಲ್ಲ. "ಆರಾದ್ಮೇಲೆ?"

"ಆಮೇಲೆ ಇನ್ನೊಂದ್ಸಲ ಮಾಡಿಸ್ಕೊಂಡ್ರಾಯ್ತು."

"ಅಂದ್ರೆ ಆರು ವರ್ಷ ಆದ್ಮೇಲೆ ಒಂದಿನ ಬೆಳಿಗ್ಗೆ ಕಾಫಿ ಕೊಟ್ರೆ ನೀನು ಮತ್ತೆ ಥ್ಯಾಂಕ್ಸ್ ಅಂತೀಯ" ಎಂದಳು. "ಬೇಡಪ್ಪ. ಆ ಥ್ಯಾಂಕ್ಸ್ ಇನ್ನೊಂದ್ಸಲ ಕೇಳೋ ಶಕ್ತಿ ನಂಗಿಲ್ಲ. ನೀನು ಆವತ್ತು ಹೋಗ್ಬರ್ತೀನಿ ಅಂದ್ಯಲ್ಲ, ಆವತ್ತು ಹಲಗೆ ಮೇಲೆ ಎಷ್ಟಿತ್ತು?"

ದೊರೆಸ್ವಾಮಿ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ. ಡಾಕ್ಟರಿಂದ ಕಲಿತದ್ದು.

"ಏನೂ ಇರ್ಲಿಲ್ಲ" ಅಂದ.

"ಆದ್ರೂ ಬಂದೆ. ನಂಗೆ ಅದೇ ಸಾಕು. ಈ ಆರನ್ನ ತಂದು ಅದರ ಮೇಲೆ ಯಾಕೆ ಹಚ್ತೀಯ?"

ಅವನು ಕೊನೆಗೆ ತನ್ನನ್ನು ನಿಜವಾಗಿ ಕಾಡುತ್ತಿದ್ದುದನ್ನು ಕೇಳಿದ, "ತಾಳಿ ಇಲ್ದೆ ಒಂದೇ ಮನೇಲಿದ್ರೆ ಜನ ಏನಂತಾರೆ?"

"ಆರು ವರ್ಷ ಅಂತಾರೆ" ಅಂದರು ಮರಿಗಂಗಮ್ಮ, ಎಣ್ಣೆ ಇಳಿಯುತ್ತಿದ್ದ ಹಣೆಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ. "ಆಮೇಲೆ ಅವಧಿ ಮುಗಿಯುತ್ತೆ, ಬಿಡ್ತಾರೆ. ಕೂತ್ಕೊಳೋ, ಊಟ ಮಾಡು."

ಸೋಮವಾರಕ್ಕೆ ಹಿಡಿದಿದ್ದ ಮೇಲಿನ ಹಾಲ್ ಅನ್ನು ನಾನು ಆ ಸ್ನೇಹಿತರಾದ ವಕೀಲರಿಗೆ ಕೊಟ್ಟೆ. ಅವರಿಗೆ ನೂರು ವರ್ಷ ಬಹಳ ಹೆಚ್ಚಾಗಿತ್ತಂತೆ, ಕಡಿಮೆ ಮಾಡಿಸಿಕೊಳ್ಳಲು ದಾರಿ ಹುಡುಕುತ್ತಿದ್ದರು. ಭಾನುವಾರ ಬೆಳಿಗ್ಗೆ ಸರ್ವಮಂಗಳ ಮಂಟಪದ ಕೋಣೆ ಖಾಲಿ ಮಾಡಿದಳು. ದೊರೆಸ್ವಾಮಿ ಅವಳ ಕಬ್ಬಿಣದ ಟ್ರಂಕನ್ನು ತಲೆಯ ಮೇಲೆ ಹೊತ್ತು ಮುಂದೆ, ಅವಳು ತಟ್ಟೆ ಲೋಟ ಹಿಡಿದು ಹಿಂದೆ. ಬೀದಿಯ ಎರಡೂ ಕಡೆ ಜನ ಬಾಗಿಲಿಗೆ ಬಂದು, ಮರಿಗಂಗಮ್ಮ ಕೊಟ್ಟ ಆರು ವರ್ಷದಲ್ಲಿ ಒಂದು ದಿನವೂ ಹಾಳಾಗದಂತೆ ಆಗಲೇ ಮಾತಾಡಲು ತೊಡಗಿದ್ದರು. ನಡುದಾರಿಯಲ್ಲಿ ಅವನು ಟ್ರಂಕಿನ ಕೆಳಗಿನಿಂದಲೇ, "ಮಂಗಳ, ಹಾಗಾದ್ರೆ ಇದು ಎಷ್ಟು ವರ್ಷಕ್ಕೆ?" ಎಂದು ಕೇಳಿದ.

"ಮೊದ್ಲು ಮನೆಗೆ ನಡಿ" ಅಂದಳು ಅವಳು. "ಓಲಾಡ್ತಿದೀಯ, ಬೀಳಿಸ್ತೀಯ."